ಪೀಟರ್ ಮೊಲಕ್ಕೆ ಒಂದು ದಿನ ಮೊದಲು

ಮಳೆಗಾಲದಲ್ಲಿ ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಹೂಪಾತಿಯ ಅಂಚಿನಲ್ಲಿ ನಾಯಿಕೊಡೆಗಳು ಏಳುತ್ತವೆ. ಚಿಕ್ಕಂದಿನಲ್ಲಿ ಊರಲ್ಲಿ ಮಾಡುತ್ತಿದ್ದಂತೆ ಅವನ್ನು ಚಪ್ಪಲಿ ಕಾಲಿನಿಂದ ಒದ್ದು ಬೀಳಿಸುವುದು ನನಗೆ ಈಗಲೂ ಅಭ್ಯಾಸ. ಕಳೆದ ಜುಲೈನಲ್ಲಿ ಮಗಳು ತಡೆದಳು. "ಅಪ್ಪಾ, ಬೇಡ! ಪೀಟರ್ ಮೊಲದ ಕತೆ ಬರೆದವರು ಇದರ ಚಿತ್ರ ಬಿಡಿಸ್ತಿದ್ರಂತೆ."

ನಾನು ನಂಬಲಿಲ್ಲ. ಆ ರಾತ್ರಿ ಹುಡುಕಲು ಕೂತವನು ಏಳುವಾಗ ಎರಡು ಗಂಟೆ.

ಬಿಯಾಟ್ರಿಕ್ಸ್ ಪಾಟರ್ ಹುಟ್ಟಿದ್ದು 1866ರಲ್ಲಿ, ಲಂಡನ್ನಿನ ಸಿರಿವಂತರ ಮನೆಯಲ್ಲಿ. ತಮ್ಮನನ್ನು ಶಾಲೆಗೆ ಕಳಿಸಿದರು, ಇವರಿಗೆ ಮನೆಪಾಠವೇ ಗತಿ. ಬೇಸಿಗೆಯಲ್ಲಿ ಕುಟುಂಬ ಸ್ಕಾಟ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಕಾಡಿನಲ್ಲಿ ಅವರಿಗೆ ಅಣಬೆಯ ಹುಚ್ಚು ಹಿಡಿಯಿತು. ಆ ಊರಿನ ಕಡೆಯ ಚಾರ್ಲ್ಸ್ ಮ್ಯಾಕಿಂಟಾಶ್ ಎಂಬ ಪೋಸ್ಟ್‌ಮ್ಯಾನ್ ಟಪಾಲು ಹಂಚುತ್ತ ಮೈಲಿಗಟ್ಟಲೆ ನಡೆದೇ ಗಿಡಮರ, ಅಣಬೆಗಳನ್ನು ಕಲಿತವರು. ಬಿಯಾಟ್ರಿಕ್ಸ್‌ಗೆ ಸಿಕ್ಕ ಒಳ್ಳೆಯ ಮೇಷ್ಟ್ರು ಅವರೇ. ಅವರು ಅಂಚೆಯಲ್ಲಿ ಅಣಬೆ ಕಳಿಸುತ್ತಿದ್ದರು, ಇವರು ಚಿತ್ರ ಕಳಿಸುತ್ತಿದ್ದರು. ಬರೀ ಚೆಂದ ಸಾಲದು, ಸೀಳಿ ಒಳಗನ್ನೂ ತೋರಿಸಿ ಎಂದು ಕಲಿಸಿದವರೂ ಅವರೇ. ಹಾಗಾಗಿ ಬಿಯಾಟ್ರಿಕ್ಸ್ ಚಿತ್ರಗಳಲ್ಲಿ ಇಡೀ ಅಣಬೆಯ ಪಕ್ಕದಲ್ಲೇ ಸೀಳಿದ ಅಣಬೆ ಇರುತ್ತದೆ. ಕೊಡೆಯ ಅಡಿಯ ಪದರ, ಕಾಂಡದ ಬುಡ ಎಲ್ಲವೂ ಕಾಣುತ್ತವೆ.

1893ರ ಸೆಪ್ಟೆಂಬರ್ 3ರಂದು ಡಂಕೆಲ್ಡ್‌ನಲ್ಲಿ ಅವರು ಒಂದು ಅಪರೂಪದ ಅಣಬೆಯ ಚಿತ್ರ ಬರೆದರು. ಕಪ್ಪು-ಬೂದು ಬಣ್ಣ, ತಲೆತುಂಬ ಕೆದರಿದ ಹೊಪ್ಪಳೆ. ಇಂಗ್ಲಿಷಿನಲ್ಲಿ ಅದಕ್ಕೆ 'ಕಾಡಿನ ಮುದುಕ' ಎಂಬರ್ಥದ ಹೆಸರಿದೆ. ಮರುದಿನ, ಸೆಪ್ಟೆಂಬರ್ 4ರಂದು, ತಮ್ಮ ಹಳೆಯ ಟೀಚರ್‌ನ ಐದು ವರ್ಷದ ಮಗ ನೋಯೆಲ್ ಹುಷಾರಿಲ್ಲದೆ ಮಲಗಿದ್ದಾನೆಂದು ಅವನಿಗೊಂದು ಚಿತ್ರ-ಪತ್ರ ಬರೆದರು. ಅದರಲ್ಲಿದ್ದ ಮೊಲವೇ ಮುಂದೆ 1902ರಲ್ಲಿ ಪುಸ್ತಕವಾಗಿ ಜಗತ್ತಿಗೆ ಬಂದ ಪೀಟರ್.

ವಿಜ್ಞಾನಿಗಳು ಹೊರಗಟ್ಟಿದ್ದಕ್ಕೇ ಪಾಪ ಮಕ್ಕಳ ಕತೆ ಬರೆದರು ಎಂದು ಎಲ್ಲೆಡೆ ಹೇಳುತ್ತಾರೆ. ಈ ಎರಡು ತಾರೀಕು ನೋಡಿದ ಮೇಲೆ ನನಗದು ಒಪ್ಪಿಗೆಯಾಗುತ್ತಿಲ್ಲ. ಅಣಬೆಯೂ ಮೊಲವೂ ಒಂದೇ ಕೈಯಲ್ಲಿ, ಒಂದೇ ವಾರದಲ್ಲಿ ಮೂಡಿದವು.

ಅನ್ಯಾಯ ಆಗಿದ್ದಂತೂ ನಿಜ. ಅಣಬೆಯ ಬೀಜಕಣಗಳನ್ನು ಮೊಳೆಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಿಡಿಸಿ, ಅದರ ಬಗ್ಗೆ ಪ್ರಬಂಧ ಬರೆದರು. ಕ್ಯೂ ಉದ್ಯಾನದ ನಿರ್ದೇಶಕರು ಕಿವಿಗೊಡಲಿಲ್ಲ. 1897ರ ಏಪ್ರಿಲ್ 1ರಂದು ಲಿನ್ನಿಯನ್ ಸೊಸೈಟಿಯಲ್ಲಿ ಅದನ್ನು ಮಂಡಿಸಿದ್ದು ಕ್ಯೂನ ಜಾರ್ಜ್ ಮಾಸ್ಸಿ, ಏಕೆಂದರೆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಇನ್ನಷ್ಟು ಕೆಲಸ ಬೇಕೆಂದು ಪ್ರಬಂಧವನ್ನು ಹಿಂದಕ್ಕೆ ಪಡೆದರು. ಆ ಹಸ್ತಪ್ರತಿ ಇವತ್ತಿಗೂ ಸಿಕ್ಕಿಲ್ಲ. ಅವರನ್ನು ಕೆಟ್ಟದಾಗಿ ನಡೆಸಿಕೊಂಡೆವು ಎಂದು ಸೊಸೈಟಿ ಒಪ್ಪಿಕೊಳ್ಳಲು 1997 ಬರಬೇಕಾಯಿತು. ನೂರು ವರ್ಷ! ನಮ್ಮ ಆಫೀಸಿನ ಟಿಕೆಟ್‌ಗಳೇ ವಾಸಿ.

ಚಿತ್ರಗಳು ಮಾತ್ರ ಉಳಿದವು. 1967ರಲ್ಲಿ ಫಿಂಡ್ಲೆ ಎಂಬ ತಜ್ಞರು ಅಣಬೆಗಳ ಬಗ್ಗೆ ಪುಸ್ತಕ ಬರೆದಾಗ ಬಿಯಾಟ್ರಿಕ್ಸ್‌ರ 59 ಚಿತ್ರಗಳನ್ನು ಬಳಸಿಕೊಂಡರು. ಅಷ್ಟರಲ್ಲಿ ಅವರು ತೀರಿಕೊಂಡು 24 ವರ್ಷವಾಗಿತ್ತು. ನೂರಾರು ಮೂಲಚಿತ್ರಗಳು ಇಂಗ್ಲೆಂಡಿನ ಆಂಬಲ್‌ಸೈಡ್‌ನ ಆರ್ಮಿಟ್ ಮ್ಯೂಸಿಯಂನಲ್ಲಿವೆ. ಸಾಯುವ ಮುನ್ನ ಅವರೇ ಅದಕ್ಕೆ ಬಿಟ್ಟುಕೊಟ್ಟದ್ದು.

ಮರುದಿನ ಬೆಳಿಗ್ಗೆ ಮಗಳೂ ನಾನೂ ಸ್ಕೆಚ್ ಪೆನ್ನು ಹಿಡಿದು ಕೆಳಗಿಳಿದೆವು. ಹೌಸ್‌ಕೀಪಿಂಗ್‌ನವರು ಆಗಲೇ ಗುಡಿಸಿದ್ದರು. ಪಾತಿಯ ಮೂಲೆಯಲ್ಲಿ ಒಂದೇ ಒಂದು ಉಳಿದಿತ್ತು, ಅರ್ಧ ಮುರಿದದ್ದು. "ಒಳಗೆಲ್ಲಾ ಕಾಣ್ತಿದೆ ಅಪ್ಪಾ" ಎಂದು ಮಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.