ಕೂರಲಗಿನ ಹದ

ಮಹಾಭಾರತದ ಯುದ್ಧಪರ್ವಗಳಲ್ಲಿ ಬಾಣಗಳಿಗೆ ಹೆಸರು ಹಲವು. ಪೂರ್ತಿ ಕಬ್ಬಿಣದ್ದು ನಾರಾಚ. ಕ್ಷೌರದ ಕತ್ತಿಯಂತಹ ಅಲಗುಳ್ಳದ್ದು ಕ್ಷುರಪ್ರ. ಹಳಗನ್ನಡದಲ್ಲಿ ಹರಿತವಾದ ಬಾಣಕ್ಕೆ ‘ಕೂರ್ಗಣೆ’ ಎಂಬ ಸೊಗಸಾದ ಮಾತಿದೆ. ತರಗತಿಯಲ್ಲಿ ಅರ್ಥ ಹೇಳಿ ಮುಂದೆ ಸಾಗುವುದು ನಮ್ಮಂಥ ಮೇಷ್ಟರ ವಾಡಿಕೆ. ಆ ಕೂರ್ಪು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಇಂದಿಗೂ ಕೇಳುತ್ತಿರುವವರು ಅಮೆರಿಕದ ಬಿಲ್ಲುಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ಹವ್ಯಾಸದ ಬೇಟೆ ನಿಷಿದ್ಧವಾಗಿದೆ. ಅಲ್ಲಿ ಪರವಾನಗಿ ಪಡೆದು ಜಿಂಕೆಯನ್ನು ಬಿಲ್ಲಿನಿಂದ ಹೊಡೆಯುವುದು ಈಗಲೂ ಉಂಟು. ಬೇಟೆಯ ಸರಿತಪ್ಪಿನ ವಿಚಾರ ಬೇರೆ. ಅಲಗಿನ ವಿಚಾರದಲ್ಲಿ ಮಾತ್ರ ಪ್ರಾಣಿಯ ಸಂಕಟವೇ ಅಡಗಿದೆ. ಬಾಣಕ್ಕೆ ಗುಂಡಿನ ರಭಸವಿಲ್ಲ. ಅದು ರಕ್ತನಾಳಗಳನ್ನು ಕೊಯ್ದು ಕೊಲ್ಲುತ್ತದೆ. ಅಂಚು ಮೊಂಡಾಗಿದ್ದರೆ ನಾಳಗಳು ಕೊಯ್ಯಿಸಿಕೊಳ್ಳದೆ ಪಕ್ಕಕ್ಕೆ ಜಾರುತ್ತವೆ. ಗಾಯಗೊಂಡ ಪ್ರಾಣಿ ಓಡಿಹೋಗಿ, ದಿನಗಟ್ಟಲೆ ನರಳಿ ಸಾಯಬಹುದು. ಅಲಗು ಇಂಚಿನ ಎಂಟನೆಯ ಏಳು ಭಾಗಕ್ಕಿಂತ ಕಿರಿದಾಗಿರಕೂಡದೆಂದು ಅಲ್ಲಿನ ಅನೇಕ ರಾಜ್ಯಗಳ ನಿಯಮವಿದೆ. ಅಗಲವನ್ನು ಅಳೆಯುವುದು ಸುಲಭ. ಹರಿತವನ್ನು ಅಳೆಯುವುದು ಅಷ್ಟು ಸುಲಭವಲ್ಲ.

ಹರಿತವೊಂದೇ ಸಾಕಾಗಿದ್ದರೆ ಉಕ್ಕೇ ಬೇಕಿರಲಿಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿಗೆ, ಯಾಹಿ ಜನರಲ್ಲಿ ಕೊನೆಗುಳಿದ ಒಬ್ಬನು ಕಾಡಿನಿಂದ ಬಂದನು. ಇಶಿ ಎಂದು ಹೆಸರಾದ ಆತ 1916ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಅವನಿಂದ ಬಿಲ್ವಿದ್ಯೆ ಕಲಿತವರು ವೈದ್ಯರಾದ ಸ್ಯಾಕ್ಸ್ಟನ್ ಪೋಪ್. ಜ್ವಾಲಾಮುಖಿಯಿಂದ ಹುಟ್ಟುವ ಕಪ್ಪು ಗಾಜುಗಲ್ಲನ್ನು, ಕೆಲವೊಮ್ಮೆ ಸೀಸೆಯ ಚೂರನ್ನೂ ಚಕ್ಕೆ ಎಬ್ಬಿಸಿ, ಇಶಿ ಬಾಣದ ಮೊನೆ ಮಾಡುತ್ತಿದ್ದನು. ಪೋಪ್ ಹೋಲಿಸಿ ನೋಡಿದಾಗ ಕಲ್ಲಿನ ಮೊನೆ ಉಕ್ಕಿಗಿಂತ ಆಳಕ್ಕೆ ಇಳಿಯಿತು! ಆದರೂ ತಮ್ಮ ಬೇಟೆಗೆ ಅವರು ಉಕ್ಕಿನ ಅಲಗನ್ನೇ ಬಳಸಿದರು. ಗಾಜುಗಲ್ಲಿನಷ್ಟು ಹರಿತವಾದ ವಸ್ತು ಅಪರೂಪ. ಆದರೆ ಎಲುಬು ತಾಕಿದರೆ ಅದು ಚೂರಾಗುತ್ತದೆ.

ಅಡುಗೆಮನೆಯ ಚಾಕು ಸಾವಿರ ಸಲ ಕೊಯ್ದು ಸವೆಯುತ್ತದೆ. ಬಾಣದ ಅಲಗು ಕೊಯ್ಯುವುದು ಒಂದೇ ಸಲ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೆ ಆ ಒಂದು ಅಡಿಯ ದಾರಿಯಲ್ಲಿ ಮಣ್ಣು ಮೆತ್ತಿದ ಕೂದಲು, ದಪ್ಪ ಚರ್ಮ, ಪಕ್ಕೆಲುಬು ಎಲ್ಲವೂ ಎದುರಾಗುತ್ತವೆ. ಇವನ್ನು ದಾಟಿದ ಮೇಲೂ ಒಳಗಿನ ನಾಳವನ್ನು ಕೊಯ್ಯುವಷ್ಟು ಹರಿತ ಉಳಿದಿರಬೇಕು. ಆದ್ದರಿಂದ ಇಲ್ಲಿ ಬಾಳಿಕೆಯೆಂದರೆ ಸವೆತಕ್ಕಿಂತ ಹೆಚ್ಚಾಗಿ ಪೆಟ್ಟನ್ನು ತಾಳುವ ಗುಣ.

ಇದು ಬರುವುದು ಹದದಿಂದ. ಇಂಗಾಲ ಹೆಚ್ಚಿರುವ ಉಕ್ಕನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ, ಇಂಗಾಲದ ಕಣಗಳು ಕಬ್ಬಿಣದ ಹರಳಿನೊಳಗೆ ಸಿಕ್ಕಿಬೀಳುತ್ತವೆ. ಉಕ್ಕು ಗಾಜಿನಂತೆ ಕಠಿಣವಾಗುತ್ತದೆ, ಗಾಜಿನಂತೆಯೇ ಪೆಡಸೂ ಆಗುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸಬೇಕು. ಆಗ ಮೈಮೇಲೆ ಬಣ್ಣ ಏಳುತ್ತದೆ: 220 ಡಿಗ್ರಿಯ ಆಸುಪಾಸಿನಲ್ಲಿ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಬಣ್ಣ ಮುಂದುವರಿದಂತೆ ಕಾಠಿನ್ಯ ಇಳಿಯುತ್ತದೆ. ನಮ್ಮ ಹಳ್ಳಿಯ ಕಮ್ಮಾರ ಕುಡುಗೋಲಿಗೆ ಇದನ್ನೆಲ್ಲ ಕಣ್ಣಂದಾಜಿನಲ್ಲಿಯೇ ಮಾಡುತ್ತಿದ್ದ. ಪಾಕಕ್ಕೂ ಹೊಲಕ್ಕೂ ನಾವು ಬಳಸುವ ‘ಹದ’ ಎಂಬ ಮಾತು ಉಕ್ಕಿಗೂ ಸಲ್ಲುವುದು ನನಗೆ ಬಹಳ ಮೆಚ್ಚುಗೆ. (ದಕ್ಷಿಣ ಭಾರತದ ಉಕ್ಕಿಗೆ ಇಂಗ್ಲಿಷಿನಲ್ಲಿ ‘ವೂಟ್ಸ್’ ಎಂದು ಹೆಸರು; ಅದು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿದೆಯೆಂದು ಅನೇಕ ವಿದ್ವಾಂಸರ ಮತ.)

ಹದ ಮೆತ್ತಗಾದರೆ ಎಲುಬಿಗೆ ತಾಗಿದ ಅಂಚು ಮಡಿಚಿಕೊಳ್ಳುತ್ತದೆ. ಬಿರುಸಾದರೆ ಗರಗಸದ ಹಲ್ಲಿನಂತೆ ಒಡೆಯುತ್ತದೆ. ವಜ್ರದ ಮೊನೆಯನ್ನು ಲೋಹಕ್ಕೆ ಒತ್ತಿ ಇಳಿದ ಆಳದಿಂದ ಕಾಠಿನ್ಯವನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ, ಒಳ್ಳೆಯ ಅಲಗುಗಳು ಸಾಮಾನ್ಯವಾಗಿ 50ರಿಂದ 60ರೊಳಗೆ ನಿಲ್ಲುತ್ತವೆ. ಇಂಗಾಲ ಕಡಿಮೆಯಿರುವ ಅಗ್ಗದ ತುಕ್ಕುರಹಿತ ಉಕ್ಕಿನ ಅಲಗೂ ಹೊಸದರಲ್ಲಿ ಮುಂಗೈ ಕೂದಲನ್ನು ಕತ್ತರಿಸೀತು. ಆ ಹರಿತ ಸಾಣೆಯ ಕೆಲಸ, ಉಕ್ಕಿನದಲ್ಲ. ಉಕ್ಕಿನ ಯೋಗ್ಯತೆ ತಿಳಿಯುವುದು ಎಲುಬು ದಾಟಿದ ಮೇಲೆ. ವೆನೇಡಿಯಂ ಬೆರೆತ ದುಬಾರಿ ಉಕ್ಕು ಸವೆತವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಕಾಡಿನಲ್ಲಿ ಕೂತು ಸಣ್ಣ ಕಲ್ಲಿನ ಮೇಲೆ ಮಸೆಯಹೊರಟರೆ ಅಷ್ಟೇ ಸತಾಯಿಸುತ್ತದೆ. ಒಂದೇ ಏಟಿನ ಅಲಗಿಗೆ ಇಷ್ಟು ವೆಚ್ಚ ಅನಾವಶ್ಯಕವೆಂದೇ ನನ್ನ ಎಣಿಕೆ.

ಒಳ್ಳೆಯ ಹದ ಕೆಡುವುದು ಎಷ್ಟೋ ವೇಳೆ ಮಸೆಯುವವನ ಕೈಯಲ್ಲಿಯೇ. ವಿದ್ಯುತ್ ಸಾಣೆಗೆ ಒತ್ತಿ ಹಿಡಿದರೆ ತೆಳುವಾದ ಅಂಚು ಕ್ಷಣದಲ್ಲಿ ಕಾಯುತ್ತದೆ. ಆಗಾಗ ನೀರಿನಲ್ಲಿ ಅದ್ದುತ್ತಿರಬೇಕು. ಅಂಚಿನಲ್ಲಿ ನೀಲಿ ಗೆರೆಯೊಂದು ಕಂಡಿತೆಂದರೆ ಅಲ್ಲಿಯ ಹದ ಹೋಯಿತೆಂದೇ ಲೆಕ್ಕ. ಆ ಭಾಗವನ್ನು ತೇಯ್ದು ತೆಗೆಯಬೇಕು, ಇಲ್ಲವೆ ಅಲಗನ್ನು ಮತ್ತೆ ಕುಲುಮೆಗೆ ಒಯ್ಯಬೇಕು.