ಪಳವೇರ್ಕಾಡು: ಪಾಳಿಯ ಮೇಲೆ ಹಂಚಿ ತಿನ್ನುವ ಸರೋವರದ ಊರು

ಚೆನ್ನೈನಲ್ಲಿರುವ ಕನ್ನಡಿಗರಲ್ಲಿ ಅನೇಕರು ಪುಲಿಕಾಟ್ ಹೆಸರನ್ನು ಕೇಳಿಯೇ ಇರುತ್ತೀರಿ. ಚಳಿಗಾಲದಲ್ಲಿ ರಾಜಹಂಸಗಳನ್ನು ನೋಡಲು ಹೋಗುವ ಜಾಗ ಎಂದೋ, ಒಳ್ಳೆಯ ಸಿಗಡಿ, ಏಡಿ ಸಿಗುವ ಊರು ಎಂದೋ. ತಮಿಳಿನಲ್ಲಿ ಇದರ ಹೆಸರು ಪಳವೇರ್ಕಾಡು. ಚೆನ್ನೈನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ತಿರುವಳ್ಳೂರು ಜಿಲ್ಲೆಯ ಅಂಚಿನಲ್ಲಿದೆ. ಒಡಿಶಾದ ಚಿಲಿಕಾ ಬಿಟ್ಟರೆ ದೇಶದ ಎರಡನೇ ದೊಡ್ಡ ಉಪ್ಪುನೀರಿನ ಸರೋವರ ಇದು. ನೀರಿನ ಬಹುಪಾಲು ಆಂಧ್ರಪ್ರದೇಶಕ್ಕೆ ಸೇರಿದೆ. ದಕ್ಷಿಣದ ಒಂದು ಮೂಲೆ ಮಾತ್ರ ತಮಿಳುನಾಡಿನದು. ನಾವು ಹೇಳಹೊರಟಿರುವ ಊರು ಇರುವುದು ಆ ಮೂಲೆಯಲ್ಲಿ.

ಇಂದು ಬಸ್ಸಿಳಿದು ನೋಡಿದರೆ ಸಾಧಾರಣ ಹಳ್ಳಿಯಂತೆಯೇ ಕಾಣುತ್ತದೆ. ಆದರೆ ಚೆನ್ನೈ ಎಂಬ ನಗರಕ್ಕಿಂತ ಈ ಊರು ಹಿರಿಯದು. ಇಂಗ್ಲಿಷರು ಮದ್ರಾಸಿನಲ್ಲಿ ನೆಲೆ ಪಡೆದದ್ದು 1639ರಲ್ಲಿ. ಅದಕ್ಕೂ ಮುಂಚೆಯೇ ಪಳವೇರ್ಕಾಡು ವಿಜಯನಗರ ಸಾಮ್ರಾಜ್ಯದ ಹೆಸರಾಂತ ಬಂದರಾಗಿತ್ತು. ಪೋರ್ಚುಗೀಸರು 16ನೇ ಶತಮಾನದ ಆರಂಭದಲ್ಲೇ ಇಲ್ಲಿಗೆ ಬಂದರು. ಹಂಪಿ ಹಾಳಾದ ಮೇಲೆ ಪೆನುಕೊಂಡೆ, ಚಂದ್ರಗಿರಿಗಳಿಂದ ಆಳುತ್ತಿದ್ದ ಅರವೀಡು ವಂಶದ ವೆಂಕಟಪತಿರಾಯನ ಅನುಮತಿ ಪಡೆದು ಡಚ್ಚರು 1610ರಲ್ಲಿ ಇಲ್ಲಿ ಮಳಿಗೆ ಹಾಕಿದರು. ಪೋರ್ಚುಗೀಸರಿಗೆ ಇದು ಸಹಿಸಲಿಲ್ಲ. 1612ರಲ್ಲಿ ಬಂದು ಮಳಿಗೆಯನ್ನು ಧ್ವಂಸ ಮಾಡಿದರು. ಮರುವರ್ಷ ಡಚ್ಚರು ಕೋಟೆಯನ್ನೇ ಕಟ್ಟಿ, ತಮ್ಮ ನಾಡಿನ ಒಂದು ಪ್ರಾಂತ್ಯದ ನೆನಪಿಗೆ ಗೆಲ್ಡ್ರಿಯಾ ಎಂದು ಹೆಸರಿಟ್ಟರು. 1690ರಲ್ಲಿ ನಾಗಪಟ್ಟಣಕ್ಕೆ ಹೋಗುವವರೆಗೆ ಕೋರಮಂಡಲ ಕರಾವಳಿಯ ಡಚ್ ವ್ಯವಹಾರಕ್ಕೆಲ್ಲ ಇದೇ ಕೇಂದ್ರ.

ಇಲ್ಲಿಂದ ಹೊರಟದ್ದು ಮುಖ್ಯವಾಗಿ ಬಟ್ಟೆ. ಈ ಭಾಗದ ನೇಕಾರರ ಚೌಕುಳಿ ವಸ್ತ್ರಕ್ಕೆ ಯುರೋಪಿನ ಪೇಟೆಯಲ್ಲಿ ಊರಿನ ಹೆಸರೇ ನಿಂತಿತ್ತು. ಬಟ್ಟೆ ಇಂಡೋನೇಷ್ಯಾದ ದ್ವೀಪಗಳಿಗೆ ಹೋಗಿ, ಬದಲಿಗೆ ಜಾಯಿಕಾಯಿ, ಲವಂಗ ಬರುತ್ತಿತ್ತು. ಕೋಟೆಯ ಬಳಿ ಮದ್ದಿನ ಕಾರ್ಖಾನೆಯೂ ಇತ್ತು. ಪ್ರವಾಸಿ ಪುಸ್ತಕಗಳು ಹೇಳದ ಇನ್ನೊಂದು ವ್ಯಾಪಾರವೂ ಇತ್ತು. ಬರಗಾಲದ ವರ್ಷಗಳಲ್ಲಿ ಹೊಟ್ಟೆಗಿಲ್ಲದೆ ಮಾರಿಕೊಂಡ ಸಾವಿರಾರು ಜನರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ, ಸಾಗಿಸಲಾಯಿತು. ಕೋಟೆ ಈಗ ಪೊದೆ ಬೆಳೆದ ದಿಬ್ಬ. ಉಳಿದಿರುವುದು ಡಚ್ ಸಮಾಧಿ ಭೂಮಿ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇದರ ಬಾಗಿಲ ಎರಡೂ ಬದಿಗೆ ಕಲ್ಲಿನಲ್ಲಿ ಕೆತ್ತಿದ ಅಸ್ಥಿಪಂಜರಗಳು ನಿಂತು ಬಂದವರನ್ನು ಸ್ವಾಗತಿಸುತ್ತವೆ!

ಬಂದವರೆಲ್ಲ ಹೋದರೂ ಊರಿನವರು ಉಳಿದರು. ತಮಿಳು ಮಾತನಾಡುವ ಮುಸ್ಲಿಂ ಮನೆತನಗಳು, ಸೂರ್ಯನ ನೆರಳಿನಿಂದ ಹೊತ್ತು ತಿಳಿಯುವ ಗಡಿಯಾರವಿರುವ ಮಸೀದಿ, ಪೋರ್ಚುಗೀಸರ ಕಾಲದ ಮೂಲವಿರುವ ಮಾತೆಯ ಚರ್ಚು, ಜಂಬಿಟ್ಟಿಗೆಯಲ್ಲಿ ಕಟ್ಟಿದ ಆದಿನಾರಾಯಣ ಪೆರುಮಾಳ್ ದೇವಸ್ಥಾನ, ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ದೇವಸ್ಥಾನದಲ್ಲಿ ಅಂಗೈಯಗಲದ ರಾಮಾಯಣದ ಕೆತ್ತನೆಗಳಿವೆ, ಕಣ್ಣಿಟ್ಟು ಹುಡುಕಬೇಕು. ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ತಾಳೆಗರಿಯಲ್ಲಿ ಹೆಣೆಯುವ ಬಣ್ಣದ ಬುಟ್ಟಿ, ಡಬ್ಬಿಗಳು ಚೆನ್ನೈನ ಅಂಗಡಿಗಳವರೆಗೂ ಬರುತ್ತವೆ.

ಇಷ್ಟು ಊರಿನ ವಿಚಾರ. ಇನ್ನು ನೀರಿನದು. ಹೊಲಕ್ಕಾದರೆ ಬದು ಇರುತ್ತದೆ, ಗಡಿಕಲ್ಲು ಇರುತ್ತದೆ. ಸರೋವರದಲ್ಲಿ ಗೆರೆ ಎಳೆಯುವುದು ಹೇಗೆ? ಇಲ್ಲಿನ ಮೀನುಗಾರರು ಅದಕ್ಕೆ ಕಂಡುಕೊಂಡ ಉಪಾಯ 'ಪಾಡು'. ಕನ್ನಡದಲ್ಲಿ ಪಾಡು ಎಂದರೆ ನಮಗೆ ಕಷ್ಟವೇ ನೆನಪಾಗುತ್ತದೆ. ಇಲ್ಲಿ ಅದು ಮೀನು ಹಿಡಿಯಲು ಗೊತ್ತುಮಾಡಿದ ಜಾಗ, ಮತ್ತು ಅಲ್ಲಿ ಬಲೆ ಹಾಕುವ ಸರದಿ. ಕೊಟ್ಟೈಕುಪ್ಪಂ, ಆಂಡಿಕುಪ್ಪಂ, ನಡೂರ್ ಮಾದಾಕುಪ್ಪಂ ಎಂಬ ಮೂರು ಹಳ್ಳಿಗಳ ಪಟ್ಟಣವರ್ ಸಮುದಾಯಕ್ಕೆ ಈ ಹಕ್ಕು ತಲೆತಲಾಂತರದಿಂದ ಬಂದಿದೆ. ಸಮುದ್ರದ ಬಾಯಿಗೆ ಹತ್ತಿರವಿರುವ ಜಾಗದಲ್ಲಿ ಸಿಗಡಿ ಹೆಚ್ಚು, ದೂರ ಹೋದಂತೆ ಕಡಿಮೆ. ಯಾರಿಗೂ ಒಳ್ಳೆಯ ಜಾಗ ಕಾಯಂ ಆಗಬಾರದಲ್ಲ, ಅದಕ್ಕೆ ಹಳ್ಳಿಗಳು ದಿನ ಹಂಚಿಕೊಳ್ಳುತ್ತವೆ. ಹಳ್ಳಿಯೊಳಗೆ ಚೀಟಿ ಎತ್ತಿ ಯಾರಿಗೆ ಯಾವ ಜಾಗ ಎಂದು ತೀರ್ಮಾನಿಸುತ್ತಾರೆ. ಇಂದು ಬಾಯಿಯ ಹತ್ತಿರ ಬಲೆ ಹಾಕಿದವನು ಮುಂದಿನ ಸಲ ದೂರದ ಜಾಗಕ್ಕೆ ಹೋಗಬೇಕಾದೀತು. ನಮ್ಮ ಕೆರೆಗಳಲ್ಲಿ ನೀರುಗಂಟಿ ಗದ್ದೆಗಳಿಗೆ ಪಾಳಿಯ ಮೇಲೆ ನೀರು ಬಿಡುತ್ತಿದ್ದನಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಆದರೆ ಇದನ್ನು ಬರೀ ಹೊಗಳಿ ಸುಮ್ಮನಾಗುವಂತಿಲ್ಲ. ಪಾಡು ಒಳಗಿರುವವರಿಗೆ ನ್ಯಾಯ, ಹೊರಗಿರುವವರಿಗೆ ಮುಚ್ಚಿದ ಬಾಗಿಲು. ಸದಸ್ಯತ್ವ ಸಿಗುವುದು ಆ ಸಮುದಾಯದ ಮದುವೆಯಾದ ಗಂಡಸರಿಗೆ ಮಾತ್ರ. ದಲಿತ ಕುಟುಂಬಗಳು, ಇರುಳರು, ಇತರ ಮೀನುಗಾರರು ಇದರ ಲೆಕ್ಕಕ್ಕೇ ಬರುವುದಿಲ್ಲ. ಇರುಳರ ಹೆಂಗಸರು ಬಲೆಯೇ ಇಲ್ಲದೆ ಆಳವಿಲ್ಲದ ನೀರಿನಲ್ಲಿ ಬಾಗಿ, ಕೆಸರಿನಲ್ಲಿ ಬೆರಳಾಡಿಸಿ ಸಿಗಡಿ ಹಿಡಿಯುತ್ತಾರೆ. ಎರಡೂ ಕೈಗೆ ಕೆಲಸವಿರುವುದರಿಂದ ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾರೆ. ಶ್ರೀಹರಿಕೋಟಾ ದ್ವೀಪ ಬಾಹ್ಯಾಕಾಶ ಕೇಂದ್ರವಾದಾಗ ಅಲ್ಲಿಂದ ಎದ್ದ ಕುಟುಂಬಗಳಲ್ಲಿ ಕೆಲವು ಈ ಕಡೆ ಬಂದು ನೆಲೆಸಿದವು. ನೀರು ಅಷ್ಟೇ, ಬಲೆ ಹೆಚ್ಚಾಯಿತು. ನಮಗೂ ಪಾಲು ಬೇಕು ಎಂಬ ಕೂಗು ಎದ್ದು ಜಗಳಗಳೂ ಆದವು. ಅಂದಹಾಗೆ, ಬೆಂಗಳೂರಿನ ಇಸ್ರೋ ಕೇಂದ್ರ ಕಚೇರಿಯಲ್ಲಿ ಚಪ್ಪಾಳೆ ಬೀಳುವ ಉಡಾವಣೆಯ ದಿನ ಇಲ್ಲಿನವರು ಸಮುದ್ರಕ್ಕೆ ಇಳಿಯುವಂತಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ, ಆದರೆ ಆ ದಿನದ ದುಡಿಮೆ ಹೋದದ್ದು ಹೋದದ್ದೇ.

ಪಾಲಿನ ಜಗಳಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಸರೋವರ ಸಮುದ್ರಕ್ಕೆ ಸೇರುವ ಬಾಯಿಯನ್ನು ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ. ಪಳವೇರ್ಕಾಡಿನ ಅಳಿವೆ ಪದೇ ಪದೇ ಮುಚ್ಚಿಕೊಳ್ಳುತ್ತಿದೆ. ಅಲೆಗಳು ದಡದುದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ಈಶಾನ್ಯ ಮಾರುತದ ಮಳೆಯಲ್ಲಿ ಆರಣಿ ಮುಂತಾದ ನದಿಗಳು ತುಂಬಿ ಬಂದಾಗ ನೀರಿನ ರಭಸಕ್ಕೆ ಆ ಮರಳು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ತಳ್ಳುವ ನೀರಿಲ್ಲ, ಮರಳು ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ.

ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ನೀರಿನೊಡನೆ ಸರೋವರಕ್ಕೆ ಬಂದು, ಇಲ್ಲಿ ಬೆಳೆದು, ಮತ್ತೆ ಸಮುದ್ರಕ್ಕೆ ಹಿಂತಿರುಗುತ್ತವೆ. ಬಾಗಿಲು ಮುಚ್ಚಿದರೆ ಮರಿಗಳು ಒಳಗೆ ಬರುವುದೇ ಇಲ್ಲ. ಒಳಗಿನ ನೀರು ಬಿಸಿಲಿಗೆ ಆರುತ್ತಾ ಉಪ್ಪು ಏರುತ್ತದೆ, ಮೀನು ಸಾಯುತ್ತದೆ. ದೋಣಿಗಳು ಸಮುದ್ರಕ್ಕೆ ಹೋಗಲೂ ದಾರಿಯಿಲ್ಲ. ಚೀಟಿ ಎತ್ತಿ ಸರದಿ ಹಂಚಿಕೊಂಡರೂ ಬಲೆಗೆ ಬೀಳಲು ಏನಾದರೂ ಇರಬೇಕಲ್ಲ! ಹಳ್ಳಿಗಳವರು ತಾವೇ ಹಣ ಕೂಡಿಸಿ ಮರಳು ತೆಗೆಸಿದ್ದುಂಟು. ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ಈಗ ಅಳಿವೆಯ ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟಿ ಬಾಗಿಲನ್ನು ಸದಾ ತೆರೆದಿಡುವ ಯೋಜನೆಯನ್ನು ತಮಿಳುನಾಡು ಸರ್ಕಾರ ಕೈಗೆತ್ತಿಕೊಂಡಿದೆ. ಇದು ಮೀನುಗಾರರದೇ ಬಹುಕಾಲದ ಬೇಡಿಕೆ. ಇನ್ನೊಂದು ಕಡೆ, ಊರಿನ ದಕ್ಷಿಣಕ್ಕಿರುವ ಕಾಟುಪಳ್ಳಿ ಬಂದರನ್ನು ವಿಸ್ತರಿಸುವ ಪ್ರಸ್ತಾವಕ್ಕೆ ಅವರೇ ಕಡು ವಿರೋಧಿಗಳು. ದಡದಲ್ಲಿ ದೊಡ್ಡದಾಗಿ ಏನು ಕಟ್ಟಿದರೂ ಮರಳಿನ ಹಾದಿ ಬದಲಾಗುತ್ತದೆ, ಒಂದು ಕಡೆ ತುಂಬಿ ಇನ್ನೊಂದು ಕಡೆ ಕೊರೆಯುತ್ತದೆ ಎಂಬುದು ಅವರ ವಾದ. ಮರಳಿನ ಓಡಾಟವನ್ನು ದಿನವೂ ಕಾಣುವವರ ಮಾತನ್ನು ಎಂಜಿನಿಯರುಗಳು ಮೊದಲು ಕೇಳಿಸಿಕೊಳ್ಳುವುದು ಒಳ್ಳೆಯದು.

ನೋಡಬೇಕೆನಿಸಿದರೆ, ಚೆನ್ನೈ ಸೆಂಟ್ರಲ್‌ನಿಂದ ಗುಮ್ಮಿಡಿಪೂಂಡಿ ಕಡೆಯ ಲೋಕಲ್ ರೈಲು ಹಿಡಿದು ಪೊನ್ನೇರಿಯಲ್ಲಿ ಇಳಿಯಿರಿ, ಅಲ್ಲಿಂದ ಬಸ್ಸುಗಳಿವೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಬೇಗ ಹೋದರೆ ದೋಣಿಗಳು ದಡಕ್ಕೆ ಬರುವುದನ್ನೂ, ಮೀನಿನ ಹರಾಜನ್ನೂ ನೋಡಬಹುದು. ದೋಣಿ ವಿಹಾರದ ಆಸೆ ಮಾತ್ರ ಬೇಡ. 2011ರ ಕ್ರಿಸ್‌ಮಸ್ ದಿನ ವಿಹಾರಕ್ಕೆ ಹೊರಟವರ ದೋಣಿ ಇಲ್ಲೇ ಮಗುಚಿ 22 ಮಂದಿ ತೀರಿಕೊಂಡರು. ಅದಾದ ಮೇಲೆ ಪ್ರವಾಸಿಗರನ್ನು ನೀರಿಗೆ ಕರೆದೊಯ್ಯುವುದಕ್ಕೆ ನಿಷೇಧ ಬಂತು. ಯಾರಾದರೂ ಗುಟ್ಟಾಗಿ ಕರೆದರೂ ದೋಣಿ ಹತ್ತಬೇಡಿ, ದಡದಲ್ಲೇ ನಿಂತು ನೋಡಿ.