ಜಿಲ್ಲೆಗೆ ವಯಸ್ಸಾಗೋದು ಹೇಗೆ?

2021ರ ಜನಗಣತಿ ಪ್ರಕಾರ ಇಂಗ್ಲೆಂಡಿನ ನಾರ್ತ್ ನಾರ್ಫಕ್ ಜಿಲ್ಲೆಯ ಮಧ್ಯಾಂಕ ವಯಸ್ಸು 54. ಅಂದ್ರೆ, ಎಲ್ಲರನ್ನೂ ವಯಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ್ರೆ ನಟ್ಟನಡುವೆ ಇರುವವರಿಗೆ 54. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಅದು ಬರೀ 30.

ಈ ಅಂತರಕ್ಕೆ ಮುಖ್ಯ ಕಾರಣ ವಲಸೆ. ನಾರ್ಫಕ್‌ನ ಕಡಲತೀರಕ್ಕೆ ನಿವೃತ್ತರು ಬಂದು ನೆಲೆಸ್ತಾರೆ. ಓದು, ಕೆಲಸ ಅಂತ ಯುವಜನ ಹೊರಡ್ತಾರೆ. ಹೊರಟವರಿಗೆ ಮುಂದೆ ಹುಟ್ಟುವ ಮಕ್ಕಳೂ ಬೇರೆ ಊರಿನ ಲೆಕ್ಕಕ್ಕೇ ಸೇರುತ್ತಾರೆ. ಹಾಗಾಗಿ ಇಲ್ಲಿ ಹುಟ್ಟಿಗಿಂತ ಸಾವು ಹೆಚ್ಚು. ಆರೈಕೆ ಬೇಕಾದವರು ಹೆಚ್ಚು, ಮಾಡುವವರು ಕಡಿಮೆ.

ಕನ್ನಡನಾಡು ಬಿಟ್ಟು ಬಂದ ನಾವೂ ಒಂದು ಲೆಕ್ಕ ಹಾಕಬೇಕು: ನಮ್ಮ ಜಿಲ್ಲೆಯ ಮಧ್ಯಾಂಕವನ್ನು ನಾವೆಲ್ಲ ಸೇರಿ ಎಷ್ಟು ಮೇಲಕ್ಕೆ ತಳ್ಳಿದ್ದೀವಿ?